ಸೂರಕ್ಕಿಗೆ ಹೊಲಿದ ಚೀಲಗಳು

ಇಪ್ಪತ್ತೆರಡು ವರ್ಷ ಅವಳು ಒಂದು ಹಕ್ಕಿಗೆ ಚೀಲ ಹೊಲಿದಳು. ಆ ಹಕ್ಕಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಬೀದಿಯಲ್ಲಿ ಅವಳಿಗೆ ಚೀಲದಕ್ಕ ಎಂದೇ ಹೆಸರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹನ್ನೆರಡು ವರ್ಷಕ್ಕೆ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತಳು. ಹದಿನಾರಕ್ಕೆ ಮಷಿನ್ನು ತುಳಿದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಬರುವಾಗ ಜೊತೆಗೆ ತಂದದ್ದು ಆ ಮಷಿನ್ನೊಂದೇ. ಗಂಡ ಆಗ ಲಾರಿಗೆ ದಿಮ್ಮಿ ಹೇರುತ್ತಿದ್ದ. ಆಮೇಲೆ ಬೆಟ್ಟದ ಮೇಲಿನ ಹಕ್ಕಿ ಕ್ಯಾಂಪಿನಲ್ಲಿ ಬಲೆ ಕಟ್ಟುವ ಕೆಲಸ ಸಿಕ್ಕಿತು.

ಅದು ಎಂಥ ಕೆಲಸ ಎಂದು ಅವನು ಮೊದಲ ದಿನ ಹೇಳಿದಾಗ ಅವಳಿಗೆ ನಗು ಬಂತು. ಬೆಟ್ಟದ ಇಳುಕಲಿನಲ್ಲಿ ಕೆಂಪು ಹೂ ಬಿಡುವ ಎರಡು ತಿಂಗಳು, ಕಾಡಿನಲ್ಲಿ ಗಳ ನೆಟ್ಟು ನಡುವೆ ಕೂದಲಿನಷ್ಟು ತೆಳು ಬಲೆ ಕಟ್ಟಬೇಕು. ಮಕರಂದ ಕುಡಿಯಲು ಬರುವ ಸೂರಕ್ಕಿ ಬಂದು ಬೀಳುತ್ತದೆ. ಬಿಡಿಸಿ, ಬಟ್ಟೆ ಚೀಲದಲ್ಲಿ ಹಾಕಿ ಶೆಡ್ಡಿಗೆ ತರಬೇಕು. ಅಲ್ಲಿ ರೆಕ್ಕೆ ಅಳೆದು, ತೂಕ ಹಾಕಿ, ಕಾಲಿಗೆ ನಂಬರಿನ ಉಂಗುರ ತೊಡಿಸಿ, ಪುಸ್ತಕದಲ್ಲಿ ಬರೆದು ಬಿಟ್ಟುಬಿಡಬೇಕು.

"ಹಿಡಿಯೋದು, ಮತ್ತೆ ಬಿಡೋದು. ಇದಕ್ಕೆ ಸಂಬಳ ಬೇರೆ," ಎಂದಳು.

"ಬಿಡೋದಕ್ಕೇ ಸಂಬಳ ಕಣೇ," ಎಂದ ಅವನು. "ಹಿಡಿಯೋದು ಯಾರು ಬೇಕಾದ್ರೂ ಹಿಡೀತಾರೆ."

ಮೊದಲ ವರ್ಷ ಕ್ಯಾಂಪಿನವರು ಪೇಟೆಯಿಂದ ಚೀಲ ತರಿಸಿದ್ದರು. ಒಳಗಡೆ ಹೊಲಿಗೆಯ ಅಂಚು, ಅಂಚಿನಲ್ಲಿ ಬಿಟ್ಟ ದಾರ. ಸೂರಕ್ಕಿಯ ಉಗುರು ಎಷ್ಟು ಸಣ್ಣದೆಂದರೆ ಒಂದು ಎಳೆ ದಾರ ಸಾಕು ಸಿಕ್ಕಿಕೊಳ್ಳಲು. ಗಂಡ ಒಂದು ಸಂಜೆ ಆ ಚೀಲ ತಂದು ಅವಳ ಮುಂದೆ ಹಿಡಿದ. ಹೊಲಿಗೆಯೆಲ್ಲ ಹೊರಗೆ ಬರಬೇಕು, ಒಳಗೆ ಕೈ ಹಾಕಿದರೆ ಏನೂ ತಡೆಯಬಾರದು, ಅಂಥದ್ದು ಆಗುತ್ತದಾ ಎಂದು ಕೇಳಿದ.

ಉಲ್ಟಾ ಹೊಲಿಯಬೇಡ ಎಂದು ಅಂಗಡಿಯಲ್ಲಿ ತಲೆಗೆ ಮೊಟಕಿಸಿಕೊಂಡು ಕಲಿತವಳು ಅವಳು. ಈಗ ಬೇಕೆಂದೇ ಉಲ್ಟಾ ಹೊಲಿಯಬೇಕಂತೆ. ಅದನ್ನೇ ಹೇಳಿದಳು.

"ನಿನಗೆ ಉಲ್ಟಾ," ಎಂದ. "ಹಕ್ಕಿಗೆ ಅದೇ ಸರಿ."

ಹಳೆಯ ಹತ್ತಿ ಹೊದಿಕೆ ಹರಿದು ಹೊಲಿದಳು. ಹೊಸ ಬಟ್ಟೆ ಆಗದು, ಗಂಜಿ ಇರುತ್ತದೆ. ಹತ್ತಾರು ಸಲ ಒಗೆದು ಬಡಕಲಾದ ಬಟ್ಟೆಯೇ ಬೇಕು. ಹಕ್ಕಿಗೆ ಅದರೊಳಗಿಂದ ಉಸಿರಾಡಲು ಬರಬೇಕು. ಬಣ್ಣ ಕಪ್ಪೋ ಕಂದೋ ಇರಬೇಕು. ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ. ಉದ್ದ ಒಂದು ಗೇಣು, ಅಗಲ ಎಂಟು ಬೆರಳು, ಬಾಯಿಗೆ ಒಂದು ಲಾಡಿ. ಹೊಲಿದಾದ ಮೇಲೆ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಾಡಿಸಿ ನೋಡುತ್ತಿದ್ದಳು. ಏನಾದರೂ ತಡೆದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ದಿನಾ ಸಂಜೆ ಕೊಳೆ ಚೀಲ ಬರುತ್ತಿದ್ದವು. ಒಗೆದು, ಒಣಗಿಸಿ, ಹೊಲಿಗೆ ಹೊರಗೇ ಇರುವಂತೆ ಮಡಚಿ ಮರುದಿನಕ್ಕೆ ಕೊಡುತ್ತಿದ್ದಳು.

ಕ್ಯಾಂಪಿನಲ್ಲಿ ಅವನನ್ನು ಬಲೆಯಣ್ಣ ಎನ್ನುತ್ತಿದ್ದರು. ಮನೆಗೆ ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ. ಇವತ್ತು ಬಿದ್ದದ್ದು ಹೋದ ವರ್ಷದ್ದೇ ಹಕ್ಕಿಯಂತೆ, ಅದೇ ಗಿಡಕ್ಕೆ ಬಂದಿತ್ತಂತೆ, ತನ್ನ ಗುರುತು ಹಿಡಿದು ಬೆರಳಿಗೆ ಕುಕ್ಕಿತಂತೆ. ಅವಳು ಮಷಿನ್ನು ತುಳಿಯುತ್ತಾ ಹೂಂ ಎನ್ನುತ್ತಿದ್ದಳು. ಒಂದು ಮಾತನ್ನಂತೂ ನಂಬಲೇ ಇಲ್ಲ. ಬೆಟ್ಟದ ಚಳಿ ಜಾಸ್ತಿಯಾದರೆ ಸೂರಕ್ಕಿ ತನ್ನ ಒಲೆ ತಾನೇ ಆರಿಸಿಬಿಡುತ್ತದೆ ಎಂದು ಅವನು ಹೇಳುತ್ತಿದ್ದ. ಕೊಂಬೆಯ ಮೇಲೆ ಉಂಡೆಯಾಗಿ ಕೂತು ತಣ್ಣಗಾಗುತ್ತದೆ. ಮುಟ್ಟಿದರೆ ಸತ್ತ ಹಾಗೇ. ಬೆಳಗ್ಗೆ ಬಿಸಿಲು ತಾಗಿದರೆ ನಡುಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಹಾರಿಹೋಗುತ್ತದೆ.

"ಬೆಟ್ಟ ಹತ್ತಿ ಇಳಿಯೋದ್ರೊಳಗೆ ಎಷ್ಟು ಸುಳ್ಳು ಹೊಸೆದಿರ್ತೀರಿ," ಎನ್ನುತ್ತಿದ್ದಳು.

"ಬಾ, ಬಂದು ನೋಡು. ಜೀಪಲ್ಲಿ ಜಾಗ ಇದೆ."

"ಮುಂದಿನ ವರ್ಷ."

ಪ್ರತಿ ವರ್ಷ ಅವನು ಕರೆದ. ಪ್ರತಿ ವರ್ಷ ಅವಳು ಹಾಗೆಯೇ ಅಂದಳು. ಹೊಲಿಯುವುದು ಇರುತ್ತಿತ್ತು. ಒಂದು ಹಿಡಿ ಹಕ್ಕಿ, ಎಲ್ಲಿ ಓಡಿಹೋಗುತ್ತದೆ ಎಂದುಕೊಂಡಿದ್ದಳು.

ಇಪ್ಪತ್ತೆರಡನೇ ವರ್ಷ ಗಂಡನಿಗೆ ಜ್ವರ ಬಂತು. ಮೂರು ದಿನ ಮಲಗಿ, ನಾಲ್ಕನೇ ದಿನ ಕೆಲಸಕ್ಕೆ ಹೊರಟ. ಹಿಂದಿನ ಸಂಜೆ ನಾದಿನಿ ಬಂದು ಕೂತಿದ್ದಳು. ನಾದಿನಿಯ ಜೊತೆ ಮಾತಾಡುತ್ತಾ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡನ ಅಂಗಿ, ಚೀಲ, ಅಂಗಿ, ಚೀಲ. ಅಂಗಿಯನ್ನು ಸರಿ ಮಗ್ಗುಲಿಗೆ ಮಗುಚಿ ಮಡಚುವ ಕೈ ಒಂದು ಚೀಲವನ್ನೂ ಮಗುಚಿಬಿಟ್ಟಿತು. ಅಂಚು ಒಳಗಾಯಿತು. ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಸಂಜೆ ಅವನು ಬಂದವನು ಕೈಕಾಲು ತೊಳೆಯಲಿಲ್ಲ. ಮಡಚಿಟ್ಟ ಚೀಲಗಳ ಮುಂದೆ ಕೂತು ಒಂದೊಂದರ ಒಳಗೂ ಬೆರಳಾಡಿಸಿದ. ಏನ್ರೀ ಎಂದಳು.

"ಏನಿಲ್ಲ. ಒಂದು ಮಗುಚಿತ್ತು."

ಅವಳು ಹಕ್ಕಿಗೆ ಏನಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಅದಕ್ಕೇ ಕೇಳಲಿಲ್ಲ. ಆ ದಿನದಿಂದ ಅವನು ಸಂಜೆ ಹಕ್ಕಿಯ ಮಾತೆತ್ತಲಿಲ್ಲ. ಜ್ವರದ ನಿತ್ರಾಣ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ನಾಲ್ಕು ತಿಂಗಳಿಗೆ ಅವನು ಹೋದ. ಬೆಳಗ್ಗೆ ಅವಳು ಎದ್ದಾಗ ಪಕ್ಕದಲ್ಲಿ ತಣ್ಣಗಿದ್ದ. ಅವಳು ಕೂಗಲಿಲ್ಲ. ಅವನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ಕೂತಳು. ಅವನು ಹೇಳುತ್ತಿದ್ದ ಸುಳ್ಳು ನೆನಪಾಯಿತು. ಕಿಟಕಿ ತೆರೆದಳು. ಬಿಸಿಲು ಗೋಡೆಯಿಂದ ಇಳಿದು ಹಾಸಿಗೆಗೆ ಬಂತು, ಅವನ ಎದೆಯ ಮೇಲೆ ಬಂತು, ಮುಖದ ಮೇಲೆ ಬಂತು. ಅವನು ಏಳಲಿಲ್ಲ. ಆಮೇಲೆ ನಾದಿನಿಯನ್ನು ಕರೆದಳು.

ಬೆಟ್ಟದಲ್ಲಿ ಮತ್ತೆ ಕೆಂಪು ಹೂ ಬಿಟ್ಟವು ಎಂದು ಗೊತ್ತಾದದ್ದು ಜೀಪಿನ ಸದ್ದಿನಿಂದ. ಬೆಳಗಿನ ಐದಕ್ಕೆ ಬೀದಿಯ ತುದಿಯಿಂದ ಹೊರಡುವ ಜೀಪು. ಅವಳ ಮನೆಯಲ್ಲಿ ಕ್ಯಾಂಪಿನ ಅರವತ್ತು ಚೀಲ ಉಳಿದಿದ್ದವು. ಇಟ್ಟುಕೊಂಡು ಏನು ಮಾಡುವುದು? ಕೊಟ್ಟು, ಇನ್ನು ಹೊಲಿಯುವುದಿಲ್ಲ ಎಂದು ಹೇಳಿ, ಆ ಒಂದು ಹಕ್ಕಿಗೆ ಏನಾಯಿತೆಂದು ಕೇಳಿ ಬರಬೇಕು ಎಂದುಕೊಂಡಳು. ಎಂದುಕೊಳ್ಳುವುದರಲ್ಲೇ ದಿನ ಕಳೆದವು. ಹೂವಿನ ಕಾಲ ಮುಗಿಯಲು ಒಂಬತ್ತು ದಿನ ಇರುವಾಗ ಹೊರಟಳು.

"ಹಕ್ಕಿ ಏನು ನಿನ್ನ ಬೀಗರಾ, ಕ್ಷೇಮ ಕೇಳೋಕೆ ಹೋಗ್ತಿದ್ದೀಯ?" ಎಂದಳು ನಾದಿನಿ.

"ಹೂಂ. ಬೀಗರೇ ಅಂದ್ಕೋ."

ಜೀಪಿನಲ್ಲಿ ತರಕಾರಿ ಮೂಟೆಯ ಪಕ್ಕ ಕ್ಯಾಂಪಿನ ಅಡುಗೆಯವನು ಕೂತಿದ್ದ. ಬಾಯಿಬಡುಕ. ಅವಳು ಯಾರೆಂದು ಗೊತ್ತಾಗುತ್ತಲೇ ಬಲೆಯಣ್ಣನ ಕಥೆ ಶುರು ಮಾಡಿದ. ಹಕ್ಕಿಗೆ ಸಕ್ಕರೆ ನೀರು ಕುಡಿಸಬೇಕು ಎಂದು ದಿನಾ ಡಬ್ಬಕ್ಕೆ ಕೈ ಹಾಕುತ್ತಿದ್ದನಂತೆ. ಹಕ್ಕಿ ಕುಡಿಯುತ್ತಿದ್ದದ್ದು ಒಂದು ಹನಿ, ಅವನು ಕುಡಿಯುತ್ತಿದ್ದದ್ದು ಒಂದು ಲೋಟವಂತೆ. ಅವಳಿಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ. ಆಗ ಅಡುಗೆಯವನು ಮಾತಿನ ಭರದಲ್ಲಿ ಅಂದುಬಿಟ್ಟ:

"ಕೊನೇ ಮೂರು ವಾರ ಮಾತ್ರ ಪಾಪ, ಸಕ್ಕರೆ ಕೇಳೋಕೆ ಬರ್ಲೇ ಇಲ್ಲ. ಹಕ್ಕಿ ಮುಟ್ಟಬೇಡ ಅಂದಿದ್ರಲ್ಲ. ಬರೀ ಗಳ ಹೊತ್ತ."

ಅವಳು ಚೀಲಗಳ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ಶೆಡ್ಡು ಎಂದರೆ ತಗಡಿನ ಮಾಡು, ಉದ್ದ ಮೇಜು, ಗೋಡೆಗೆ ಸಾಲಾಗಿ ಹೊಡೆದ ಮೊಳೆ. ಮೊಳೆಗಳಿಂದ ಅವಳ ಹಳೆಯ ಚೀಲಗಳು ತೂಗುತ್ತಿದ್ದವು. ಕೆಲವು ತಾವಾಗಿಯೇ ಅಲುಗುತ್ತಿದ್ದವು. ಮೇಜಿನ ಹಿಂದೆ ಕ್ಯಾಂಪಿನ ಮೇಡಂ, ಮೂವತ್ತು ದಾಟಿದ ಹೆಂಗಸು. ಚೀಲದಕ್ಕ ತನ್ನ ಗಂಟು ಮೇಜಿನ ಮೇಲಿಟ್ಟು ನೇರ ಕೇಳಿದಳು. ಹೋದ ವರ್ಷ ಒಂದು ಚೀಲ ಮಗುಚಿತ್ತಲ್ಲ, ಆ ಹಕ್ಕಿ ಏನಾಯಿತು?

ಮೇಡಂ ದಪ್ಪ ಪುಸ್ತಕ ತೆಗೆದು ಹಾಳೆ ತಿರುಗಿಸಿ ತೋರಿಸಿದರು. ಗಂಡನ ಅಕ್ಷರ. ಅವಳು ಒಂದೊಂದೇ ಕೂಡಿಸಿ ಓದಿದಳು. ಎಡಗಾಲು ಮುರಿದಿದೆ. ಚೀಲ ನೋಡದೆ ಹಾಕಿದೆ. ತಪ್ಪು ನನ್ನದು.

ಹಾಗೆಯೇ ಬಿಟ್ಟರಂತೆ. ಅಷ್ಟು ಸಣ್ಣ ಕಾಲಿಗೆ ಕಟ್ಟು ಹಾಕಲು ಬರುವುದಿಲ್ಲ. ಬದುಕಿತೋ ಇಲ್ಲವೋ ಗೊತ್ತಿಲ್ಲ. ಯಾರ ಕೈಯಿಂದ ಹಕ್ಕಿಗೆ ಪೆಟ್ಟಾಗುತ್ತದೋ ಅವರು ಆ ವರ್ಷ ಮತ್ತೆ ಹಕ್ಕಿ ಮುಟ್ಟುವಂತಿಲ್ಲ, ಅದು ನಿಯಮ. ಅದನ್ನು ಬಲೆಯಣ್ಣನಿಗೆ ತಾನೇ ಹೇಳಬೇಕಾಯಿತು ಎಂದು ಮೇಡಂ ತಲೆ ತಗ್ಗಿಸಿದರು.

"ಚೀಲ ಮಗುಚಿದ್ದು ನಾನು," ಎಂದಳು. "ಇಪ್ಪತ್ತೊಂದು ವರ್ಷ ಒಂದೂ ತಪ್ಪಿರ್ಲಿಲ್ಲ. ಅದಕ್ಕೇ ಅವರು ನೋಡ್ಲಿಲ್ಲ. ಇದನ್ನ ಹೊಡೆದು ಹಾಕಿ, ನನ್ನದು ಅಂತ ಬರೀರಿ."

ಬರೆದ ಸಾಲು ಹೊಡೆಯುವಂತಿಲ್ಲ ಎಂದರು ಮೇಡಂ. ಅದೂ ನಿಯಮ. ಅದೇ ನಂಬರಿನ ಹಕ್ಕಿ ಮತ್ತೆ ಬಲೆಗೆ ಬಿದ್ದರೆ ಮಾತ್ರ ಅದರ ಕೆಳಗೆ ಹೊಸ ಸಾಲು ಬರೆಯಬಹುದು.

"ಹಾಗಾದ್ರೆ ಹಿಡೀರಿ."

ಮೇಡಂಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಳುಕಲಿನಲ್ಲಿ ಸಾವಿರ ಹಕ್ಕಿ ಇರಬಹುದು, ಇರುವುದು ಒಂಬತ್ತೇ ದಿನ, ಅದು ಸತ್ತೇ ಹೋಗಿರಬಹುದು ಎಂದರು. ಅವಳು ಸ್ಟೂಲು ಎಳೆದು ಗೋಡೆಯ ಬದಿ ಕೂತಳು. ತೂತಾದ ಚೀಲ ಇದ್ದರೆ ಕೊಡಿ, ಕೂತಲ್ಲೇ ಹೊಲಿಯುತ್ತೇನೆ ಎಂದಳು.

ಅವಳು ಮೊದಲ ಚೀಲಕ್ಕೆ ಸೂಜಿ ಹಾಕುವಷ್ಟರಲ್ಲಿ ಮೇಡಂ ಮೊಳೆಯಿಂದ ಒಂದು ಚೀಲ ತೆಗೆದು, ಒಳಗೆ ಕೈ ಹಾಕಿ, ಹಕ್ಕಿಯನ್ನು ಹೊರಗೆ ತೆಗೆದರು.

ಅವಳ ಕೈಯ ಸೂಜಿ ಅಲ್ಲೇ ನಿಂತಿತು.

ನಲವತ್ತು ವರ್ಷದಿಂದ ಬಟ್ಟೆ ನೋಡಿದ ಕಣ್ಣು ಅದು. ಎಂಥೆಂಥ ರೇಷ್ಮೆ ಬಂದಿತ್ತು ಕೈಗೆ. ಇದರ ಕುತ್ತಿಗೆಯಂಥದ್ದು ಬಂದಿರಲಿಲ್ಲ. ಕಪ್ಪು ಎನ್ನುವಷ್ಟರಲ್ಲಿ ಹಸಿರಾಯಿತು. ಮೇಡಂ ಕೈ ಒಂದಿಷ್ಟು ತಿರುಗಿಸಿದರೆ ನೇರಳೆ. ಇನ್ನಿಷ್ಟು ತಿರುಗಿಸಿದರೆ ಬೆಂಕಿ. ಕೊಕ್ಕು ಹಾಸಿಗೆ ಹೊಲಿಯುವ ಡೊಂಕು ಸೂಜಿಯ ಹಾಗಿತ್ತು, ಆದರೆ ಅಂಥ ನಯದ ಸೂಜಿ ಯಾರೂ ಮಾಡಿರಲಾರರು. ಸಕ್ಕರೆ ನೀರಿನ ಹನಿ ತೋರಿಸಿದಾಗ ಕೊಕ್ಕಿನ ತುದಿಯಿಂದ ನಾಲಿಗೆ ಹೊರಬಂತು. ಸೀಳಿದ ಒಂದು ಎಳೆ ದಾರ. ಹನಿ ಕಾಣುವಷ್ಟರಲ್ಲಿ ಇರಲಿಲ್ಲ.

"ಇದಕ್ಕೆ ಯಾವ ದಾರ ಹೊಂದಿಸೋದು?" ಎಂದಳು. ಯಾರನ್ನೂ ಕೇಳಿದ್ದಲ್ಲ.

ಎಂಟು ಗ್ರಾಂ ಎಂದು ಮೇಡಂ ಬರೆದುಕೊಂಡರು. ಅವಳ ದಾರದ ಉಂಡೆ ಅದಕ್ಕಿಂತ ತೂಕ.

ಮರುದಿನವೂ ಹೋದಳು. ಅದರ ಮರುದಿನವೂ. ಮೂರನೇ ದಿನ ಮೇಡಂ ಒಂದು ಹಕ್ಕಿಯನ್ನು ಅವಳ ಅಂಗೈಗೆ ಕೊಟ್ಟು, ಬಾಗಿಲಲ್ಲಿ ನಿಂತು ಕೈ ಬಿಚ್ಚಿ ಎಂದರು. ಅದರ ಎದೆ ಬೆರಳಿಗೆ ತಾಗಿತು. ಓಡುವ ಮಷಿನ್ನಿನ ಮೇಲೆ ಕೈಯಿಟ್ಟ ಹಾಗೆ. ಎಷ್ಟು ಜೋರಾಗಿ ತುಳಿದರೂ ಯಾವ ಮಷಿನ್ನೂ ಹಾಗೆ ಓಡದು. ಇಷ್ಟು ಸಣ್ಣ ಒಡಲಿಗೆ ಇಷ್ಟು ಓಟ ಯಾಕೆ ಎಂದು ಅವಳು ಯೋಚಿಸುವಷ್ಟರಲ್ಲಿ ಕೈ ಖಾಲಿ. ಹೋದದ್ದು ಕಾಣಲೇ ಇಲ್ಲ. ತುಂಬಾ ಹೊತ್ತು ಕೈ ಹಾಗೇ ಹಿಡಿದು ನಿಂತಳು. ಇಪ್ಪತ್ತೆರಡು ವರ್ಷ ಅವನು ದಿನಾ ಇದನ್ನು ನೋಡಿ ಮನೆಗೆ ಬಂದು ಹೇಳುತ್ತಿದ್ದ. ತಾನು ಹೂಂ ಎನ್ನುತ್ತಿದ್ದಳು.

ಎಂಟು ದಿನ ಕಳೆದವು. ನೂರಾ ಹನ್ನೊಂದು ಹಕ್ಕಿ ಮೇಜಿಗೆ ಬಂದು ಹೋದವು. ಪ್ರತಿ ಸಲ ಮೇಡಂ ಕಾಲಿನ ನಂಬರು ಓದುವಾಗ ಅವಳು ಹೊಲಿಯುವುದನ್ನು ನಿಲ್ಲಿಸುತ್ತಿದ್ದಳು. ಪ್ರತಿ ಸಲ ಮೇಡಂ ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಒಂಬತ್ತನೇ ದಿನ ಬೆಟ್ಟ ಕಾಣಲಿಲ್ಲ. ಮಂಜು, ಅದರೊಳಗೆ ಜಿಟಿಜಿಟಿ ಮಳೆ. ಹೊಸ ಬಲೆಯವನು ನಿಧಾನದ ಮನುಷ್ಯ. ಮಂಜಿನಲ್ಲಿ ದಾರಿ ತಪ್ಪಿ ಮೂರನೇ ಬಲೆಗೆ ತಡವಾಗಿ ಹೋದ. ಒಂದೇ ಒಂದು ಚೀಲ ತಂದು ಮೊಳೆಗೆ ಹಾಕಿದ. ಆ ಚೀಲ ಅಲುಗಲಿಲ್ಲ.

ಮೇಡಂ ಹಕ್ಕಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಒದ್ದೆ ಮುದ್ದೆ. ಕಣ್ಣು ಮುಚ್ಚಿತ್ತು. ಬಣ್ಣವೇ ಇರಲಿಲ್ಲ. ಅಭ್ಯಾಸದಂತೆ ಉಂಗುರದ ನಂಬರು ಓದಿದರು, ಪುಸ್ತಕದ ಹಳೆಯ ಹಾಳೆ ತಿರುಗಿಸಿದರು, ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎಡಗಾಲು ಸೊಟ್ಟಗೆ ಕೂಡಿಕೊಂಡು ಗಂಟಾಗಿದ್ದದ್ದು ಅವಳಿಗೆ ಕೂತಲ್ಲಿಂದಲೇ ಕಂಡಿತ್ತು.

ಬದುಕಿತ್ತು. ಆ ಕಾಲಿಟ್ಟುಕೊಂಡು ಒಂದು ವರ್ಷ ಬದುಕಿತ್ತು. ಇವತ್ತಿನವರೆಗೆ.

ಮೇಡಂ ಪೆನ್ನು ಎತ್ತಿಕೊಂಡರು. ಸತ್ತ ಹಕ್ಕಿಗೂ ಒಂದು ಸಾಲು ಇರುತ್ತದೆ.

ಅವಳು ಎದ್ದು ಬಂದು ಮೊದಲು ಚೀಲ ತೆಗೆದುಕೊಂಡಳು. ಒಳಗೆ ಕೈ ಹಾಕಿ ಬೆರಳಾಡಿಸಿದಳು. ಏನೂ ತಡೆಯಲಿಲ್ಲ. ಹೊಲಿಗೆ ಹೊರಗೇ ಇತ್ತು.

"ಬರೀಬೇಡಿ," ಎಂದಳು. "ಒಲೆ ಆರಿಸ್ಕೊಂಡಿದೆ ಅಷ್ಟೆ."

"ಅಕ್ಕಾ, ಅದು ಕೊಂಬೆ ಮೇಲೆ ಕೂತಾಗ. ಇದು ಮಳೆಯಲ್ಲಿ ನೆಂದಿದೆ. ಹೋಗಿದೆ."

"ಬರೀಬೇಡಿ."

ಹಕ್ಕಿಯನ್ನು ಎರಡು ಅಂಗೈ ನಡುವೆ ಇಟ್ಟು, ಕೈಯನ್ನು ರವಿಕೆಯ ಹತ್ತಿರ, ಎದೆಗೆ ಒತ್ತಿ ಹಿಡಿದಳು. ಆಗಾಗ ಬೆರಳಿನ ಸಂದಿಗೆ ಬಾಯಿಟ್ಟು ಬಿಸಿ ಉಸಿರು ಬಿಟ್ಟಳು. ಹೊರಗೆ ನೋಡಿದಳು. ಬಿಸಿಲಿನ ಸುಳಿವಿಲ್ಲ. ಬಿಸಿಲು ಬಂದ ದಿನ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಇವತ್ತು ಬರದಿದ್ದರೆ ಬೇಡ.

ಅಡುಗೆಯವನು ಟೀ ತಂದಿಟ್ಟ. ಟೀ ಆರಿತು. ಹೊಸ ಬಲೆಯವನು ಬಾಗಿಲಲ್ಲಿ ನಿಂತು, ಇದು ನನ್ನಿಂದ ಆಯ್ತಾ ಎಂದು ಎರಡು ಸಲ ಕೇಳಿದ. ಮೇಡಂ ಪೆನ್ನು ಹಿಡಿದೇ ಇದ್ದರು, ಬರೆಯಲಿಲ್ಲ.

ಮೊದಲು ಅವಳು ತನ್ನ ಕೈಯೇ ನಡುಗಿತು ಎಂದುಕೊಂಡಳು. ಉಸಿರು ಹಿಡಿದಳು. ಕೈ ನಡುಗುತ್ತಿರಲಿಲ್ಲ. ಕೈಯೊಳಗೆ ಏನೋ ನಡುಗುತ್ತಿತ್ತು. ನಿಂತಿತು. ಮತ್ತೆ ನಡುಗಿತು. ಹಳೆಯ ಮಷಿನ್ನಿನ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಹಿಂದೆಮುಂದೆ ಆಡಿ, ಆಮೇಲೆ ಹತ್ತಿಕೊಳ್ಳುತ್ತದಲ್ಲ, ಹಾಗೆ. ಒಂದು ಬಡಿತ. ಹತ್ತು ಬಡಿತ. ಆಮೇಲೆ ಎಣಿಸಲು ಆಗಲಿಲ್ಲ.

"ಸಕ್ಕರೆ ನೀರು," ಎಂದಳು. "ಬೆಚ್ಚಗೆ."

ಅಡುಗೆಯವನು ಓಡಿದ. ಅವಳು ಹೆಬ್ಬೆರಳು ಸರಿಸಿದಳು. ಡೊಂಕು ಕೊಕ್ಕು ಹೊರಬಂತು. ಮುಚ್ಚಿದ್ದ ಕಣ್ಣು ತೆರೆಯಿತು; ಸಾಸಿವೆ ಕಾಳಿನಷ್ಟು, ಅದರಲ್ಲಿ ಶೆಡ್ಡಿನ ಬಾಗಿಲಿನ ಬೆಳಕು. ಸೀಳಿದ ದಾರದಂಥ ನಾಲಿಗೆ ಹನಿಯನ್ನು ಮುಟ್ಟಿತು. ಒಂದು. ಇನ್ನೊಂದು. ಒದ್ದೆ ಗರಿ ಒಂದೊಂದಾಗಿ ಬಿಡಿಸಿಕೊಂಡವು. ಕುತ್ತಿಗೆಯ ಮೇಲೆ ಎಲ್ಲಿಂದಲೋ ಹಸಿರು ಬಂತು, ಅದರ ಹಿಂದೆ ನೇರಳೆ. ಬಿಸಿಲೇ ಇಲ್ಲದ ದಿನ ಆ ಬಣ್ಣ ಎಲ್ಲಿಂದ ತಂದಿತೋ.

"ನಿಜಾನೇ ಹೇಳ್ತಿದ್ರು," ಎಂದಳು.

ಮೇಡಂ ತೂಕ ಹಾಕಲಿಲ್ಲ, ಅಳೆಯಲಿಲ್ಲ. ಬಿಟ್ಟುಬಿಡಿ ಎಂದರು. ಅವಳು ಬಾಗಿಲಿಗೆ ಬಂದು ಕೈ ಬಿಚ್ಚಿದಳು. ಹಕ್ಕಿ ಹೋಗಲಿಲ್ಲ. ಬಲಗಾಲನ್ನು ಅವಳ ಅಂಗೈಗೆ ಊರಿ, ಸೊಟ್ಟ ಎಡಗಾಲನ್ನು ಹೊಟ್ಟೆಗೆ ಎಳೆದುಕೊಂಡು, ಒಂದು ಗಳಿಗೆ ನಿಂತಿತು. ಒಂದೇ ಕಾಲಿನ ಮೇಲೆ ಎಷ್ಟು ನೆಟ್ಟಗೆ. ಆಮೇಲೆ ಎದ್ದಿತು. ಬಾಗಿಲ ಪಕ್ಕದ ಗಿಡದ ಕೆಂಪು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಕೊಕ್ಕು ಇಳಿಸಿ, ಕುಡಿದು, ಮಂಜಿನೊಳಗೆ ಹೋಯಿತು.

ಅವಳು ಒಳಗೆ ಬಂದಾಗ ಮೇಡಂ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಪೆನ್ನು ಚಾಚಿದರು. ತನಗೆ ಸರಿಯಾಗಿ ಬರೆಯಲು ಬರುವುದಿಲ್ಲ ಎಂದಳು. ಬಂದಷ್ಟು ಬರೀರಿ ಎಂದರು ಮೇಡಂ.

ಗಂಡನ ಸಾಲಿನ ಕೆಳಗೆ ಬರೆದಳು. ಅಕ್ಷರ ದೊಡ್ಡದಾಗಿ ಗೆರೆ ದಾಟಿದವು. ಒಂದೊಂದು ಅಕ್ಷರಕ್ಕೂ ಗುಂಡಿ ಹಚ್ಚುವಷ್ಟು ಹೊತ್ತು ಹಿಡಿಯಿತು. ಚೀಲ ಮಗುಚಿದ್ದು ನಾನು. ಅವರಲ್ಲ. ಹಕ್ಕಿ ಹಾರಿತು.

ಮೇಡಂ ಪಕ್ಕದಲ್ಲಿ ತಾರೀಖು ಹಾಕಿದರು. ಅವಳು ಅಕ್ಷರ ಒಣಗುವವರೆಗೆ ಊದಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಮೊಳೆಗಳಿಂದ ಚೀಲಗಳನ್ನು ಒಂದೊಂದಾಗಿ ತೆಗೆದಳು. ಎಲ್ಲದರಲ್ಲೂ ಹಿಕ್ಕೆ, ಸಕ್ಕರೆ ನೀರಿನ ಅಂಟು. ವಾಪಸು ಕೊಡಲು ತಂದಿದ್ದ ಗಂಟಿನ ಬಟ್ಟೆಯಲ್ಲೇ ಅವನ್ನು ಕಟ್ಟಿದಳು.

"ಕೊಡೋಕೆ ಬಂದಿದ್ರಲ್ಲ, ಅಕ್ಕಾ?" ಎಂದರು ಮೇಡಂ.

"ಕೊಳೆ ಆಗಿದೆ," ಎಂದಳು. "ಒಗೆದು ತರ್ತೀನಿ."